ಏಳುಕೋಟೆಗೆ ಬಸವಂತರಾಯ ಅರಸನಾದದ್ದು

ರಾಜ್ಯ ಕಳೆದುಕೊಂಡು ಕಾಡು ಸೇರಿದ ಅರಸರ ಕಥೆ ನೀವೆಲ್ಲ ಕೇಳಿದವರೇ. ಖಾಕಿ ಅಂಗಿ ತೊಟ್ಟು, ಸ್ಟೂಲಿನ ಮೇಲೆ ಕೂತು, ಬೆಳಗಿನ ಒಂಬತ್ತರಿಂದ ಸಂಜೆ ಐದೂವರೆಯ ತನಕ ಲಿಫ್ಟು ನಡೆಸಿದ ಅರಸನ ಕಥೆಯನ್ನು ಮಾತ್ರ ಯಾರೂ ಹೇಳಿರಲಿಕ್ಕಿಲ್ಲ. ಅದನ್ನು ನಾನು ಹೇಳುತ್ತೇನೆ. ನಡುನಡುವೆ ಹೂಂ ಅನ್ನುವುದು ನಿಮ್ಮ ಕೆಲಸ.

ಅವನ ಹೆಸರು ಬಸವಂತರಾಯ. ವಯಸ್ಸು ಐವತ್ತೊಂಬತ್ತು. ಊರು ಇಂಡಿ ತಾಲೂಕಿನದು, ಮನೆ ಮುಂಬಯಿಯ ಜೋಗೇಶ್ವರಿಯ ಚಾಳಿನದು, ಕೆಲಸ ಫೋರ್ಟಿನ ಒಂದು ಹಳೆ ಬಿಲ್ಡಿಂಗಿನದು. ಆ ಬಿಲ್ಡಿಂಗಿನ ಲಿಫ್ಟು ಕಬ್ಬಿಣದ ಜಾಲರಿಯದು; ಅದರೊಳಗೆ ಕೂತವರು ಪಂಜರದ ಗಿಳಿಯಂತೆ ಕಾಣುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಬಸವಂತರಾಯ ಯಾರನ್ನೂ ‘ಎಷ್ಟನೇ ಮಹಡಿ’ ಎಂದು ಕೇಳಿದವನಲ್ಲ. ಮುಖ ನೋಡಿದರೆ ಸಾಕು, ಬೆರಳು ತಾನಾಗಿ ಗುಂಡಿಗೆ ಹೋಗುತ್ತಿತ್ತು. ಹೊಸಬರು ಬಂದರೂ ಅಷ್ಟೇ. ಕೈಯಲ್ಲಿ ಕರೀ ಕೋಟಿದ್ದರೆ ನಾಲ್ಕು, ಮುಖದಲ್ಲಿ ಚಿಂತೆಯಿದ್ದರೆ ಮೂರು. ಮೂರರಲ್ಲಿ ಇನ್ಶೂರೆನ್ಸ್ ಆಫೀಸಿತ್ತು.

ಊರಲ್ಲಿದ್ದಾಗ ಅವನು ದೊಡ್ಡಾಟದ ಮೇಳದಲ್ಲಿ ಸಾರಥಿ. ದೊಡ್ಡಾಟ ನೋಡದವರಿಗೆ ಒಂದು ಮಾತು: ಅಲ್ಲಿ ರಾಜ ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅವನು ಧಿಮಿಧಿಮಿ ಕುಣಿದು ನಿಂತರೆ, ತಲೆಗೆ ರುಮಾಲು ಸುತ್ತಿದ ಸಾರಥಿ ಮುಂದೆ ಬಂದು ಕೇಳಬೇಕು: ‘ತಾವು ಯಾರು? ತಮ್ಮ ಸ್ಥಳ, ನಾಮಾಂಕಿತವೇನು?’ ಆಮೇಲೆ ರಾಜ ತನ್ನ ಪ್ರತಾಪ ಹೇಳುತ್ತಾನೆ. ಹೇಳುವುದು ರಾಜ, ಹೇಳಿಸುವುದು ಸಾರಥಿ. ಕಿರೀಟ ಮಾತ್ರ ಯಾವತ್ತೂ ಗೌಡರ ಮನೆಗೇ ಹೋಗುತ್ತಿತ್ತು. ಗೌಡರ ಮಗನಿಗೆ ಮಾತು ಮರೆತುಹೋಗುತ್ತಿದ್ದದ್ದೂ ಅಷ್ಟೇ ಖಾಯಂ. ಆಗ ಸಾರಥಿಯಾದ ಬಸವಂತರಾಯ ‘ಮೂರು ಲೋಕ ನಡುಗಿಸಿದ ಗಂಡುಗಲಿ ತಾವೇ ಅಲ್ಲವೇ?’ ಎಂದು ಕೇಳುವನು. ರಾಜ ‘ಹೌದು’ ಅನ್ನುವನು. ಜನ ರಾಜನಿಗೆ ಸಿಳ್ಳೆ ಹೊಡೆಯುವರು. ಹೀಗೆ ಎಲ್ಲ ರಾಜರ ಮಾತೂ ಬಾಯಿಪಾಠ ಬಂದಿದ್ದ ಬಸವಂತರಾಯ, ಒಮ್ಮೆಯೂ ಕಿರೀಟ ಇಡದೆ, ಹೊಟ್ಟೆಪಾಡಿಗೆಂದು ಮೂವತ್ತು ವರ್ಷದ ಹಿಂದೆ ಮುಂಬಯಿಯ ರೈಲು ಹತ್ತಿದ್ದ.

ಹೋದ ವರ್ಷ ಒಂದು ದಿನ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಹೋಯಿತು. ಒಳಗಿದ್ದದ್ದು ಇವನು ಮತ್ತು ನಾಲ್ಕನೇ ಮಹಡಿಯ ವಕೀಲರ ಆಫೀಸಿನ ಅನುರಾಧಾ. ಇಪ್ಪತ್ತಾರರ ಹುಡುಗಿ, ತಂದೆ ವಿಜಯಪುರದ ಕಡೆಯವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳು ಎರಡೂ ಕೈಯಲ್ಲಿ ಜಾಲರಿ ಹಿಡಿದುಕೊಂಡಳು.

“ಅಂಕಲ್, ನನಗೆ ಡರ್ ಆಗ್ತಿದೆ. ಪ್ಲೀಸ್, ಕುಛ್ ಭೀ ಮಾತಾಡಿ.”

ಬಸವಂತರಾಯನಿಗೆ ಬೇರೇನು ಬರಬೇಕು? ಹೆಗಲ ಟವೆಲು ತೆಗೆದು ತಲೆಗೆ ಸುತ್ತಿ, ಎದ್ದು ನಿಂತು, ದನಿ ಎತ್ತಿದ: “ಎಲೈ ವೀರಾಗ್ರಣಿ! ತಾವು ಯಾರು? ತಮ್ಮ ಸ್ಥಳ, ನಾಮಾಂಕಿತವೇನು?”

ಹುಡುಗಿ ಅಳುತ್ತಲೇ ನಕ್ಕಳು. “ನಾನು... ನಾನು ಅನುರಾಧಾ. ಘಾಟ್‌ಕೋಪರ್ ದೇಶದಿಂದ ಬಂದೆ.”

“ತಮ್ಮ ಆಯುಧ ಯಾವುದು?”

“ಪೆನ್‌ಡ್ರೈವ್!”

ನಲವತ್ತು ನಿಮಿಷ ಕಳೆದದ್ದು ಇಬ್ಬರಿಗೂ ತಿಳಿಯಲಿಲ್ಲ. ಲಿಫ್ಟಿನಿಂದ ಇಳಿಯುವಷ್ಟರಲ್ಲಿ ಅನುರಾಧಾ ಅವನ ಫೋನು ಇಸಿದುಕೊಂಡು ಅವನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿಬಿಟ್ಟಿದ್ದಳು. ಅದರ ಹೆಸರು ‘ಏಳುಕೋಟೆ ದರ್ಬಾರು’.

ಅಲ್ಲಿ ಹನ್ನೊಂದು ಜನ. ಒಬ್ಬೊಬ್ಬರಿಗೂ ಒಂದೊಂದು ವೇಷ. ಎಲ್ಲರೂ ಸೇರಿ, ತಮ್ಮ ತಮ್ಮ ಪಾತ್ರದ ಮಾತು, ನಡೆಗಳನ್ನು ಬರೆಯುತ್ತ ಒಂದೇ ಕಥೆ ನಡೆಸಬೇಕು. ಆಟವೂ ಅದೇ, ಬರಹವೂ ಅದೇ. ಗುಂಪಿನ ಯಜಮಾನಿ ಚೆಂಬೂರಿನ ಧಾತ್ರಿ, ಹಲ್ಲಿನ ಡಾಕ್ಟರು. ಒಬ್ಬರ ಹಲ್ಲು ಕಿತ್ತು ಇನ್ನೊಬ್ಬರು ಬಾಯಿ ತೆರೆಯುವ ನಡುವೆ ರಾಜ್ಯದ ಕಾನೂನು ನೋಡಿಕೊಳ್ಳುವವಳು. ಸೇರಿದ ದಿನವೇ ಬಸವಂತರಾಯನಿಗೆ ಅವಳು ತಿಳಿಸಿದ್ದಳು: ನಿಮ್ಮ ಪಾತ್ರದ ಕೈಕಾಲು ಮಾತ್ರ ನಿಮ್ಮವು, ಇನ್ನೊಬ್ಬರ ಪಾತ್ರವನ್ನು ನೀವು ಅಲ್ಲಾಡಿಸುವಂತಿಲ್ಲ. ನೀವು ಕತ್ತಿ ಬೀಸಬಹುದು, ಅದು ತಾಗಿತೋ ಇಲ್ಲವೋ ಎಂಬುದನ್ನು ಎದುರಿನವರೇ ಬರೆಯಬೇಕು. ಒಮ್ಮೆ ಬರೆದ ಮೇಲೆ ಇನ್ನಿಬ್ಬರು ಬರೆಯುವ ತನಕ ಸುಮ್ಮನಿರಬೇಕು. ವೇಷ ಬಿಟ್ಟು ನಿಜದ ಮಾತು ಆಡುವುದಿದ್ದರೆ ಅದನ್ನು ಬ್ರಾಕೆಟ್ಟಿನಲ್ಲಿ ಹಾಕಬೇಕು.

ಬಸವಂತರಾಯ ಕೋಟೆಯ ಬಾಗಿಲು ಕಾಯುವವನ ಪಾತ್ರ ತೆಗೆದುಕೊಂಡ. ಯಾರೇ ಬರಲಿ, ‘ತಾವು ಯಾರು, ಎಲ್ಲಿಂದ ಬಂದಿರಿ, ಹೊಳೆ ಹೇಗೆ ದಾಟಿದಿರಿ?’ ಎಂದು ಕೇಳುವನು. ಕೇಳಿಸಿಕೊಂಡವರಿಗೆ ತಮಗೇ ಗೊತ್ತಿಲ್ಲದ ಕಥೆ ಬಾಯಿಗೆ ಬರುತ್ತಿತ್ತು. ಅನುರಾಧಾಳದು ದಳವಾಯಿ ನೀಲವ್ವನ ಪಾತ್ರ. ಕನ್ನಡ ಮಾತಾಡಲು ತಡವರಿಸುವ ಹುಡುಗಿ, ಒಂದೊಂದು ಪದಕ್ಕೂ ಅಪ್ಪನಿಗೆ ಫೋನು ಮಾಡಿ, ದಿನಕ್ಕೆ ಮೂರು ಸಾಲು ಬರೆಯುತ್ತಿದ್ದಳು. ಬೆಳಿಗ್ಗೆ ಲಿಫ್ಟಿನಲ್ಲಿ ಕೇಳುವಳು: “ಅಂಕಲ್, ‘ಕೆಚ್ಚು’ ಅಂದ್ರೆ ಹಿಮ್ಮತ್, ಹೈ ನಾ? ನಿನ್ನೆ ಹಾಕಿದೆ. ಸಹೀ ಬಂತಾ?”

“ಜಬರದಸ್ತ್ ಬಂದೈತ್ರಿ ಮೇಡಂ!”

ಹೀಗೆ ಏಳು ತಿಂಗಳು. ಆಮೇಲೆ ಅರಸನಾಗಿದ್ದ ಪ್ರಶಾಂತನಿಗೆ ಮದುವೆ ಗೊತ್ತಾಯಿತು. ‘(ಇನ್ನು ನಾನು ಆಳುವುದಿಲ್ಲ, ಆಳಿಸಿಕೊಳ್ಳುತ್ತೇನೆ)’ ಎಂದು ಬರೆದು ಅವನು ಸಿಂಹಾಸನ ಬಿಟ್ಟ. ಮುಂದಿನ ಅರಸ ಯಾರು ಎಂದು ಧಾತ್ರಿ ಕೇಳಿದ್ದೇ ತಡ, ಎಲ್ಲರದೂ ಒಂದೇ ಉತ್ತರ: ಬಾಗಿಲಿನ ಬಸವಂತರಾಯರು.

ಸೋಮವಾರ ಪಟ್ಟವಾಯಿತು. ಅನರ್ಥವೂ ಅಂದೇ ಶುರುವಾಯಿತು.

ಫೋನಿನ ಮೈಕು ಒತ್ತಿ ಮಾತಾಡಿದರೆ ಅದು ತಾನೇ ಅಕ್ಷರ ಬರೆದುಕೊಳ್ಳುತ್ತದೆಂದು ಬಸವಂತರಾಯ ಕಲಿತಿದ್ದ. ಚರ್ಚ್‌ಗೇಟಿನಿಂದ ಹೊರಟ ಬೋರಿವಲಿ ಸ್ಲೋ ಲೋಕಲ್‌ನಲ್ಲಿ ನಿಂತುಕೊಂಡೇ ಅವನು ತನ್ನ ಪ್ರತಾಪ ಹೇಳತೊಡಗಿದ. ಮರೀನ್ ಲೈನ್ಸಿನಲ್ಲಿ ಹಿಡಿದ ವಂಶಾವಳಿ ದಾದರ್ ದಾಟಿದರೂ ಮುಗಿಯಲಿಲ್ಲ. ಬಾಂದ್ರಾ ಬರುವಾಗ “ಎಲವೆಲವೋ ನೀಚನೇ, ಏಳು ಮೇಲಕ್ಕೆ! ನಿನ್ನ ಎದೆ ಸೀಳಿಬಿಡುವೆನು!” ಎಂದು ಗುಡುಗಿದಾಗ, ಎದುರಿಗೆ ಕೂತಿದ್ದ ಗೃಹಸ್ಥ ಗಡಬಡಿಸಿ ಎದ್ದು ಸೀಟು ಬಿಟ್ಟುಕೊಟ್ಟ. ಅರಸ ಕೂತ. ಕೂತು ಮತ್ತೆ ಹದಿನಾಲ್ಕು ಸಂದೇಶ ಕಳಿಸಿದ. ಅಂದು ಒಟ್ಟು ನಲವತ್ತೊಂದು. ನಡುವೆ ಬಾಯಿ ಹಾಕಲು ಯಾರಿಗೂ ಸಂದು ಸಿಗಲಿಲ್ಲ.

ಮಂಗಳವಾರ ದರೋಡೆಕೋರನ ಸರದಿ. ಅದು ರಮಾನಾಥನ ಪಾತ್ರ. ಅವನು ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಎರಡು ತಿಂಗಳಿಂದ ಕೋಟೆಯ ಅಡಿಗೆ ದಿನಕ್ಕೆ ಒಂದು ಮೊಳದಂತೆ ಸುರಂಗ ತೋಡುತ್ತಿದ್ದ. ಅರಸ ಒಂದೇ ಸಂದೇಶದಲ್ಲಿ ಸುರಂಗ ಕಂಡುಹಿಡಿದು, ಹೊಳೆಯ ನೀರು ತಿರುಗಿಸಿ, ದರೋಡೆಕೋರನನ್ನು ಮುಳುಗಿಸಿ, ಹೆಣ ಎತ್ತಿಸಿ, ತಿಥಿಯನ್ನೂ ಮಾಡಿ ಮುಗಿಸಿದ.

‘(ಮಾರಾಯ್ರೆ, ನಾನು ಊಟಕ್ಕೆ ಹೋಗಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ನನ್ನ ಬೊಜ್ಜವೇ ಮುಗಿಯಿತಾ?)’ ಎಂದು ರಮಾನಾಥ ಬರೆದ. ಅವನ ಊರ ಕಡೆ, ಕರಾವಳಿಯಲ್ಲಿ, ತಿಥಿಗೆ ಬೊಜ್ಜ ಅನ್ನುತ್ತಾರೆ.

ಬುಧವಾರ ಬೆಳಿಗ್ಗೆ ರಾಜಜ್ಯೋತಿಷಿ ‘ಅರಸರಿಗೆ ಈಗ ಗ್ರಹಗತಿ ಚೆನ್ನಾಗಿಲ್ಲ’ ಎಂದು ಬರೆದರು. ಅದು ಚೆಂಬೂರಿನ ಹಿರಿಯಣ್ಣನವರ ಪಾತ್ರ, ಮೈಸೂರಿನವರು, ರಿಟೈರಾದವರು. ಅರಸ ಕೂಡಲೇ ಬರೆದ: ‘ಸುಳ್ಳು ನುಡಿದ ಜ್ಯೋತಿಷಿಯ ನಾಲಗೆ ಅಲ್ಲೇ ಬಿದ್ದುಹೋಯಿತು.’

‘(ಸ್ವಾಮಿ, ಮನೇಲಂತೂ ನನಗೆ ಮಾತಾಡೋಕೆ ಅವಕಾಶ ಇಲ್ಲ. ಇಲ್ಲಾದರೂ ನಾಲಿಗೆ ಬಿಡಬಾರದಾಗಿತ್ತೇ?)’

ಬಸವಂತರಾಯನಿಗೆ ಇದೆಲ್ಲ ಮೆಚ್ಚುಗೆಯ ಮಾತಿನಂತೆ ಕೇಳಿಸಿತು. ದೊಡ್ಡಾಟದಲ್ಲಿ ಜನ ಕೂಗಿದಷ್ಟೂ ರಾಜನ ಗತ್ತು ಹೆಚ್ಚು ತಾನೆ? ಮೂವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ರಾಜರೆಲ್ಲ ಒಟ್ಟಿಗೇ ಹೊರಗೆ ಬರುತ್ತಿದ್ದರು. ಲಿಫ್ಟಿನ ಗುಂಡಿ ಒತ್ತುವ ಬೆರಳೂ ದಾರಿ ತಪ್ಪಿ, ಮೂರಕ್ಕೆ ಹೋಗಬೇಕಾದ ಚಿಂತೆಯ ಮುಖಗಳು ಐದಕ್ಕೆ ಹೋಗಿ ಬಂದವು.

ಬುಧವಾರ ಸಂಜೆ ನೀಲವ್ವ ಮೂರು ಸಾಲು ಬರೆದಳು: ‘ಅರಸರೇ, ಹೊಳೆಯ ನೀರು ತಿರುಗಿಸಿದರೆ ಪಶ್ಚಿಮ ದ್ವಾರದ ಜನಕ್ಕೆ ಕುಡಿಯಲು ಏನಿದೆ? ನನ್ನಲ್ಲಿ ಕೆಚ್ಚು ಇದೆ. ನಾನು ಕೇಳುತ್ತೇನೆ.’

ಅರಸನಿಗೆ ಎದುರು ಮಾತೇ! ವಿಲೆಪಾರ್ಲೆಯಿಂದ ಅಂಧೇರಿಯೊಳಗೆ ತೀರ್ಪು ಹೊರಬಿತ್ತು: ‘ಆಗ ನೀಲವ್ವ ಗಡಗಡ ನಡುಗಿ ಅರಸನ ಪಾದಕ್ಕೆ ಬಿದ್ದು ಗೊಳೋ ಎಂದು ಅತ್ತು, ನಾನು ಬುದ್ಧಿಯಿಲ್ಲದ ಹೆಂಗಸು, ತಪ್ಪಾಯಿತು ಎಂದು ಹೇಳಿ ಪ್ರಾಣ ಬಿಟ್ಟಳು.’

ಅದಾದ ಮೇಲೆ ಗುಂಪಿನಲ್ಲಿ ಒಂದು ಸೊಲ್ಲಿಲ್ಲ. ಬ್ರಾಕೆಟ್ಟೂ ಇಲ್ಲ.

ಗುರುವಾರ ಬೆಳಿಗ್ಗೆ ಅನುರಾಧಾ ಬಂದಳು. ಬಸವಂತರಾಯ ಜಾಲರಿ ಬಾಗಿಲು ಸರಿಸಿ ಹಿಡಿದ. ಅವಳು ಅವನ ಮುಂದೆಯೇ ನಡೆದುಹೋಗಿ ಮೆಟ್ಟಿಲು ಹತ್ತಿದಳು. ನಾಲ್ಕು ಮಹಡಿ, ತೊಂಬತ್ತಾರು ಮೆಟ್ಟಿಲು. ಶುಕ್ರವಾರವೂ ಅಷ್ಟೇ.

ಶುಕ್ರವಾರ ಮಧ್ಯಾಹ್ನ ಧಾತ್ರಿ ಬರೆದಳು: ‘(ಎರಡು ದಿನದಿಂದ ಯಾರೂ ಬರೆದಿಲ್ಲ. ಹಲ್ಲು ಬರೀ ಅಲ್ಲಾಡುತ್ತಿದ್ದರೆ ಉಳಿಸಲು ನೋಡುತ್ತೇನೆ. ಬೇರು ಸತ್ತಿದ್ದರೆ ಕೀಳುವುದೇ ಮೇಲು. ಭಾನುವಾರ ಸಂಜೆ ಆರಕ್ಕೆ ದರ್ಬಾರು. ಆರೂವರೆಯೊಳಗೆ ಒಬ್ಬರೂ ಬಾರದಿದ್ದರೆ ಗುಂಪು ಮುಚ್ಚುತ್ತೇನೆ.)’

ತಪ್ಪು ಸರಿಪಡಿಸಬೇಕೆಂದು ಬಸವಂತರಾಯ ಕೂಡಲೇ ಮೈಕು ಒತ್ತಿದ: ‘ಇಂದು ಸಂಜೆ ಐದು ಗಂಟೆಯಿಂದ ಸತ್ತವರೆಲ್ಲರೂ ಬದುಕತಕ್ಕದ್ದು. ನಾಲಗೆ ಹೋದವರಿಗೆ ನಾಲಗೆ ಬರತಕ್ಕದ್ದು. ಅರಸನ ಅಪ್ಪಣೆ.’

ರಮಾನಾಥನೊಬ್ಬನೇ ಉತ್ತರ ಕೊಟ್ಟ: ‘(ಕೇಳದೆ ಕೊಂದಿರಿ, ಈಗ ಕೇಳದೆ ಬದುಕಿಸಿದಿರಿ. ಎರಡೂ ಒಂದೇ ಅಲ್ವಾ ಮಾರಾಯ್ರೆ?)’

ಶನಿವಾರ ಅನುರಾಧಾ ಮೆಟ್ಟಿಲು ಹತ್ತುವಾಗ ಬಸವಂತರಾಯ ಲಿಫ್ಟು ಬಿಟ್ಟು ಅವಳ ಹಿಂದೆ ಓಡಿದ. ಇಪ್ಪತ್ತೆರಡು ವರ್ಷ ಲಿಫ್ಟಿನಲ್ಲೇ ಏರಿ ಇಳಿದವನಿಗೆ ಆ ಮೆಟ್ಟಿಲು ಎಷ್ಟು ಕಡಿದೆಂದು ಗೊತ್ತಾದದ್ದು ಅಂದೇ. ಎರಡನೇ ಮಹಡಿಯಲ್ಲಿ ಗೋಡೆ ಹಿಡಿದು ನಿಂತ. ಕೆಳಗೆ ಯಾರೋ ಲಿಫ್ಟಿನ ಬೆಲ್ಲು ಒತ್ತೇ ಒತ್ತುತ್ತಿದ್ದರು.

“ಮೇಡಂ... ತಪ್ಪಾತ್ರಿ... ನಿಮ್ಮ ನೀಲವ್ವನ್ನ ಕೊಲ್ಲಬಾರದಿತ್ತು...”

ಅನುರಾಧಾ ನಿಂತಳು. ತಿರುಗಿ, ಪದ ಹುಡುಕಿ ಹುಡುಕಿ ಹೇಳಿದಳು: “ಅಂಕಲ್, ಮರ್ನಾ ಓಕೆ. ದಳವಾಯಿ ಇದ್ದಾಳೆ, ಸಾಯ್ತಾಳೆ. ಆದ್ರೆ ನೀಲವ್ವ ಅಳಲ್ಲ. ಸೆವೆನ್ ಮಂತ್ಸ್, ಏಕ್ ಬಾರ್ ಭೀ ಅತ್ತಿಲ್ಲ. ‘ಬುದ್ಧಿಯಿಲ್ಲದ ಹೆಂಗಸು’ ಅಂತ ನಾನು ಬರೀಲಿಲ್ಲ. ಆ ವರ್ಡ್ಸ್ ನನ್ನದಲ್ಲ.” ಉಳಿದ ಮೆಟ್ಟಿಲು ಹತ್ತಿ ಹೋದಳು.

ಆ ಸಂಜೆ ಬಸವಂತರಾಯ ಹೆಂಡತಿ ಮಲ್ಲಕ್ಕನಿಗೆ ಗುಂಪಿನ ಬರಹವನ್ನೆಲ್ಲ ಮೊದಲಿಂದ ಓದಿ ಹೇಳಿದ. ಮಲ್ಲಕ್ಕ ಚಾಳಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವಳು. ಓದು ಬರಹ ಬಾರದು. ಕೇಳುವ ಕಿವಿ ಮಾತ್ರ ಚುರುಕು.

“ನಿಂದರು,” ಅಂದಳು. “ಆ ಹುಡುಗಿ ಅತ್ತಳು ಅಂತ ಬರದವರು ಯಾರು?”

“ನಾನ.”

“ತಪ್ಪಾತು ಅಂದಾಕಿ?”

“ಅದೂ ನಾನ ಬರದೆ.”

“ಅಕಿ ಬಾಯಾಗ ನೀ ಯಾಕ ಹೊಕ್ಕಿದ್ದಿ? ಮೂವತ್ತೈದು ವರ್ಷ ಆತು, ನನ್ನ ಬಾಯಾಗ ನಿನಗ ಒಂದ ಮಾತು ಇಡಾಕ ಆಗಿಲ್ಲ. ಅದಕ್ಕ ಮಂದಿ ಮಕ್ಕಳ ಬಾಯಿ ಹುಡುಕ್ಯಾಡಿಯೇನು?”

ಬಸವಂತರಾಯ ಫೋನು ಕೆಳಗಿಟ್ಟ.

“ಗೌಡರ ಮಗ ಮಾತು ಮರತು ಕಂಬದಂಗ ನಿಂತಾಗ, ಅವನ ಮಾತು ನೀನ ಅಂದುಬಿಟ್ಟಿದ್ದೇನು?”

“ಛೇ! ಹಂಗ ಅಂದ್ರ ಆಟಾನ ಕೆಡತೈತಿ. ಕೇಳಬೇಕು. ಕೇಳಿ, ಸುಮ್ಮ ನಿಂದರಬೇಕು. ಅವನ ಬಾಯಿಲೆ ಬರಬೇಕು.”

“ಹೂಂ. ಕಿರೀಟಕ್ಕ ಕಿವಿ ಮುಚ್ಚಿದ್ವು ನಿನಗ,” ಎಂದು ಮಲ್ಲಕ್ಕ ಒಲೆಯ ಕಡೆ ತಿರುಗಿದಳು.

ಭಾನುವಾರ ಸಂಜೆ ಆರಾಯಿತು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಬಸವಂತರಾಯ ಬೆರಳಲ್ಲೇ ಕುಟ್ಟಿ ಬರೆದ, ಮೈಕು ಮುಟ್ಟಲಿಲ್ಲ. ‘ಅರಸ ಬಂದ. ದರ್ಬಾರು ಖಾಲಿ. ಅರಸ ಕಿರೀಟ ತೆಗೆದು ಸಿಂಹಾಸನದ ಮೇಲೆ ಇಟ್ಟ. ತಲೆಗೆ ಟವೆಲು ಸುತ್ತಿಕೊಂಡ. ಬಾಗಿಲಿಗೆ ಹೋಗಿ ನಿಂತ. ಹೊರಗೆ ಯಾರೋ ಇದ್ದ ಹಾಗಿದೆ. ತಾವು ಯಾರು? ಎಲ್ಲಿಂದ ಬಂದಿರಿ?’

ಇನ್ನು ಕಾಯಬೇಕು. ಐದು ನಿಮಿಷವಾಯಿತು. ಬೆರಳು ತಾನಾಗಿ ಫೋನಿನ ಕಡೆ ಹೋಯಿತು.

“ಏನದು?” ಎಂದಳು ಮಲ್ಲಕ್ಕ.

“ಏನಿಲ್ಲ. ‘ಆಗ ಎಲ್ಲಾರೂ ಬಂದರು’ ಅಂತ ಒಂದ ಸಾಲು...”

ಮಲ್ಲಕ್ಕ ಬಿಸಿನೀರು ಹುಯ್ದ ಜೋಳದ ಹಿಟ್ಟಿನ ಪರಾತವನ್ನು ಅವನ ಮುಂದೆ ತಳ್ಳಿದಳು. “ನಾದು. ಎರಡೂ ಕೈಲೆ.”

ಅರಸನ ಎರಡೂ ಕೈ ಮಣಿಕಟ್ಟಿನ ತನಕ ಹಿಟ್ಟಿನಲ್ಲಿ ಹೂತವು. ಹತ್ತು ನಿಮಿಷ. ಅವನು ಮೂಗಿನ ತುದಿಯಿಂದ ಮೈಕಿನ ಗುಂಡಿ ಒತ್ತಲು ಬಗ್ಗಿದ. ಮಲ್ಲಕ್ಕ ಬೆಣ್ಣೆ ಹಚ್ಚಿದ ಅರ್ಧ ರೊಟ್ಟಿ ಮಡಚಿ ಅವನ ಬಾಯಿಗೆ ತುರುಕಿದಳು.

ಆರು ಇಪ್ಪತ್ತಕ್ಕೆ ಅನುರಾಧಾಳ ಹೆಸರಿನ ಮುಂದೆ ‘ಟೈಪಿಂಗ್’ ಎಂದು ಮೂಡಿತು. ಅಳಿಸಿಹೋಯಿತು. ಮತ್ತೆ ಮೂಡಿತು. ಬಸವಂತರಾಯನ ಕಣ್ಣು ಫೋನಿಗೆ ಅಂಟಿಕೊಂಡವು. ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಆರು ಇಪ್ಪತ್ತಾರಕ್ಕೆ ಸಂದೇಶ ಬಂತು:

‘ನಾನು ನೀಲವ್ವ. ಪಶ್ಚಿಮ ದ್ವಾರದಿಂದ ಬಂದೆ. ನಾನು ಸತ್ತಿಲ್ಲ. ಅತ್ತೂ ಇಲ್ಲ. ನಮ್ಮ ಅರಸರಿಗೆ ನಿದ್ದೆಯಲ್ಲಿ ಮಾತಾಡುವ ಕಾಯಿಲೆ ಇದೆ. ಸೋಮವಾರದಿಂದ ಬುಧವಾರದ ತನಕ ಅವರು ಹೇಳಿದ್ದೆಲ್ಲ ನಿದ್ದೆಯ ಮಾತು.’

ಬಸವಂತರಾಯ ರೊಟ್ಟಿ ನುಂಗಿ “ಎವ್ವಾ! ಮೂರು ಸಾಲಿಗಿಂತ ಮ್ಯಾಲ ಬರದಾಳ!” ಎಂದು ಕೂಗಿದ. ಗೋಡೆಯಾಚೆಯ ಖೋಲಿಯವರು ಏನಾಯಿತೆಂದು ಇಣುಕಿ ಹೋದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ‘ನಾನು ದರೋಡೆಕೋರ. ಸುರಂಗಕ್ಕೆ ನೀರು ಬಂದದ್ದು ನಿಜ. ಕಡಲ ದಂಡೆಯಲ್ಲಿ ಹುಟ್ಟಿದವನನ್ನು ಮುಳುಗಿಸಲಿಕ್ಕೆ ಒಂದು ಹೊಳೆ ಸಾಕೇ? ಈಜಿ ಬಂದೆ. ತಿಥಿಯ ವಡೆ ಉಳಿದಿದ್ದರೆ ಕೊಡಿ.’ ಹಿರಿಯಣ್ಣನವರು ತಮ್ಮ ಜ್ಯೋತಿಷಿಯ ಬಾಯಲ್ಲಿ ಹೇಳಿಸಿದರು: ‘ನಾಲಗೆ ಬಿದ್ದಿರಲಿಲ್ಲ, ಬಾಯಲ್ಲಿ ಎಲೆಯಡಿಕೆ ಇತ್ತು. ಅರಸರ ಗ್ರಹಗತಿ ಈಗಲೂ ಅಷ್ಟಕ್ಕಷ್ಟೇ.’

ದರ್ಬಾರು ತುಂಬಿತು. ನೀಲವ್ವ ಮತ್ತೆ ಬರೆದಳು: ‘ನಿದ್ದೆಯಲ್ಲಿ ಆಳಿದ ಅರಸರಿಗೆ ದಳವಾಯಿ ಒಂದು ಶಿಕ್ಷೆ ಕೊಡುತ್ತಾಳೆ. ಪಶ್ಚಿಮದ ಬುರುಜಿಗೆ ತೊಂಬತ್ತಾರು ಮೆಟ್ಟಿಲು. ಅವರು ದಿನವೂ ಅದನ್ನು ಹತ್ತಿ, ಬಾಗಿಲನ್ನು ತಮ್ಮ ಕೈಯಿಂದ ತೆಗೆದು, ಬಂದವರನ್ನು ‘ತಾವು ಯಾರು’ ಎಂದು ಕೇಳಬೇಕು. ಕಿರೀಟ ಇಟ್ಟುಕೊಂಡೇ ಕೇಳಬೇಕು. ಅರಸರು ಒಪ್ಪುತ್ತಾರೆಯೇ?’

ಶಿಕ್ಷೆ ಕೊಡುವಾಗಲೂ ಹುಡುಗಿ ಒಪ್ಪಿಗೆ ಕೇಳಿದ್ದಳು! ಬಸವಂತರಾಯನ ಕಣ್ಣು ಮಂಜಾದವು.

“ಒಪ್ಪಿಲ್ಲ ಅಂದ್ರ ನಾಳೆ ಡಬ್ಬ್ಯಾಗ ಖಾರದ ಪುಡಿ ಅಷ್ಟ ಕಟ್ತೀನಿ,” ಎಂದಳು ಮಲ್ಲಕ್ಕ.

ಹಿಟ್ಟು ಮೆತ್ತಿದ ಹೆಬ್ಬೆರಳಿನಿಂದ ಅರಸ ಒತ್ತಿದ: ‘ಒಪ್ಪಿದೆ.’ ಆಮೇಲೆ ಇನ್ನೊಂದು: ‘(ಇದು ನಿಜದ ಮಾತು. ನೀಲವ್ವ ಯಾವತ್ತೂ ಅಳಾಂಗಿಲ್ಲ. ಕ್ಷಮಿಸ್ರಿ.)’ ಆಮೇಲೆ ಇನ್ನಿಬ್ಬರು ಬರೆಯುವ ತನಕ ಫೋನು ಮುಟ್ಟಲಿಲ್ಲ. ರೊಟ್ಟಿ ಬಡಿದ. ಅವನು ಬಡಿದ ರೊಟ್ಟಿಗಳು ಒಂದೊಂದೂ ಒಂದೊಂದು ದೇಶದ ನಕ್ಷೆಯಂತಿದ್ದವು. ಮಲ್ಲಕ್ಕ ಅವನ್ನು ಗಿರಾಕಿಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಆಗಲೇ ಮೂರು ಜನ. ಅನುರಾಧಾ ಬಂದು ಮೆಟ್ಟಿಲಿನ ಕಡೆ ನೋಡಿದಳು, ಲಿಫ್ಟಿನ ಕಡೆ ನೋಡಿದಳು, ಒಳಗೆ ಬಂದು ನಿಂತಳು. ಬಸವಂತರಾಯ ಜಾಲರಿ ಎಳೆದ. ಬೆರಳನ್ನು ನಾಲ್ಕರ ಗುಂಡಿಯ ಹತ್ತಿರ ಒಯ್ದು, ಮುಟ್ಟದೆ ನಿಲ್ಲಿಸಿದ.

“ಎಷ್ಟನೇದ್ರಿ ಮೇಡಂ?”

“ಅಂಕಲ್! ಚಾರ್ ಸಾಲ್ ಆಯ್ತು. ನಿಮಗೆ ಗೊತ್ತಿದೆ.”

“ಗೊತ್ತೈತ್ರಿ. ಆದ್ರ ನಾ ಹೇಳಂಗಿಲ್ಲ. ನಿಮ್ಮ ಬಾಯಿಲೆ ಬರಬೇಕು.”

ಹಿಂದೆ ನಿಂತಿದ್ದ ದಪ್ಪ ವಕೀಲರು ಗಡಿಯಾರ ನೋಡಿಕೊಂಡು ಚಡಪಡಿಸಿದರು: “ಅರೇ ಬಸವಂತ, ಚಲಾವೋ ನಾ ಬಾಬಾ! ಕೋರ್ಟ್ ಹೈ ಮೇರಾ!”

ಬಸವಂತರಾಯ ಅವರ ಕಡೆಯೂ ಅಷ್ಟೇ ವಿನಯದಿಂದ ತಿರುಗಿ, ಸಾರಥಿಯ ಪ್ರಶ್ನೆಗೆ ಮಹಡಿಯನ್ನೂ ಸೇರಿಸಿ ಹಿಂದಿಯಲ್ಲಿ ಕೇಳಿದ: “ಆಪ್ ಕೌನ್? ಕಹಾಂ ಸೇ ಪಧಾರೇ? ಕೌನ್ಸಾ ಮಾಲಾ?”

ಅನುರಾಧಾ ನಗು ತಡೆಯಲಾರದೆ ಜಾಲರಿ ಹಿಡಿದುಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ದಳವಾಯಿಯ ದನಿಯಲ್ಲಿ, ಒಂದು ಅಕ್ಷರವೂ ತಡವರಿಸದೆ ಹೇಳಿದಳು: “ನಾಲ್ಕನೆಯ ಮಹಡಿ.”

ಲಿಫ್ಟು ಮೇಲೆ ಹೊರಟಿತು.